ಸುಮಿತ್ರಾಳ ಕೆಮ್ಮು

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅರವತ್ತರ ದಶಕದ ಕೊನೆ ಎನ್ನುವುದು ಖಂಡಿತ. ಮಳೆಗಾಲವೋ ಚಳಿಗಾಲವೋ ಎಂದು ಕೇಳಿದರೆ ಆಣೆ ಮಾಡಲಾರೆ. ಇವತ್ತು ಬೆಳಿಗ್ಗೆ ಮೇಲಿನ ಮನೆಯ ಮಗು ಪುಗ್ಗಿ, ಅಂದರೆ ಬಲೂನು, ಊದುತ್ತಿತ್ತು. ಹೊಸ ರಬ್ಬರಿನ ಆ ವಾಸನೆ ಬಂದದ್ದೇ ತಡ, ರೊಟ್ಟಿಯ ಹಿಟ್ಟನ್ನು ಅರ್ಧಕ್ಕೇ ಬಿಟ್ಟು ಬರೆಯಲು ಕೂತಿದ್ದೇನೆ.

ನನ್ನ ಸೋದರತ್ತೆಯ ಮಗಳು ಸುಮಿತ್ರಾಗೆ ಹುಟ್ಟುತ್ತಲೇ ಹೃದಯದಲ್ಲಿ ತೂತು. ಹುಬ್ಬಳ್ಳಿಯ ದೇಶಪಾಂಡೆ ನಗರದ ಆ ಮನೆಯಲ್ಲಿ ಅವಳು ಬೆಳೆದದ್ದು ‘ಸಾವಕಾಶ’ ಎಂಬ ಒಂದೇ ಮಾತಿನ ನೆರಳಿನಲ್ಲಿ. ಓಡುವಂತಿಲ್ಲ, ಜೋರಾಗಿ ನಗುವಂತಿಲ್ಲ. ಅವಳು ಸೀನಿದರೂ ಮನೆಯವರೆಲ್ಲ ಎದ್ದು ನಿಲ್ಲುತ್ತಿದ್ದರು. ಕೊನೆಗೆ ಮುಂಬಯಿಯಲ್ಲಿ ಅವಳ ರಕ್ತವನ್ನು ಯಂತ್ರದ ಮೂಲಕ ಹರಿಸಿ, ಹೃದಯ ನಿಲ್ಲಿಸಿ, ತೂತನ್ನು ಹೊಲಿದರು. ಊರಿಗೆ ಮರಳಿದಾಗ ಓಣಿಗೆ ಓಣಿಯೇ ನೋಡಲು ಬಂತು.

“ಎದಿ ಬಂದ್ ಮಾಡಿ ಮತ್ತ ಚಾಲೂ ಮಾಡಿದ್ರಂತ? ಏನ್ ಗಡಿಯಾರೇನ್ರೀ ಅದು!” ಎಂದರು ಪಕ್ಕದ ಮನೆಯವರು.

ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ ನಾನು, ಲೈಬ್ರರಿಯಲ್ಲಿ ಓದಿದ ಒಂದೂವರೆ ಪುಟದ ಬಲದಿಂದ, ಎರಡು ತಂಬಿಗೆ ಇಟ್ಟುಕೊಂಡು ಆ ಯಂತ್ರವನ್ನು ಎಲ್ಲರಿಗೂ ವಿವರಿಸಿದೆ. ಯಾರೂ ಕೇಳಿರಲಿಲ್ಲ ಅನಿಸುತ್ತದೆ.

ಸಂಭ್ರಮದ ನಡುವೆಯೇ ಜ್ವರ ಬಂತು. ಡಾಕ್ಟರು ಸುಮಿತ್ರಾಳ ಬೆನ್ನನ್ನು ಬೆರಳಿನಿಂದ ಬಡಿದು ನೋಡಿ ಗಂಭೀರವಾದರು.

“ಹೃದಯ ಛಲೋ ಐತ್ರಿ. ಯಂತ್ರದ ಮ್ಯಾಲಿದ್ದಾಗ ಪುಪ್ಪುಸ ಕೆಲಸ ಬಿಟ್ಟು ಮಲಗಿದ್ವು. ಎಡಗಡೇದು ಬುಡದಾಗ ಇನ್ನೂ ಎದ್ದಿಲ್ಲ, ಕಫ ಕೂತೈತಿ. ಪುಗ್ಗಿ ಊದಸ್ರಿ, ಕೆಮ್ಮಸ್ರಿ. ಇಲ್ಲಾಂದ್ರ ನ್ಯುಮೋನಿಯಾ ಆಗಿ ಕೈ ಮೀರತೈತಿ.”

ಪುಗ್ಗಿಗಳು ಬಂದವು. ಆದರೆ ಹೊಲಿದ ಎದೆಯ ನೋವಿಗೆ ಸುಮಿತ್ರಾ ಊದಲೊಲ್ಲಳು. ಹಾಗೂ ಹೀಗೂ ಕೆಮ್ಮು ಗಂಟಲಿಗೆ ಬಂದರೆ ಅತ್ತೆ ಬಿಸಿನೀರು ಹಿಡಿದು ಓಡಿ ಬರುವರು: “ಬ್ಯಾಡವ್ವಾ, ಸಾವಕಾಶ! ಹೊಲಿಗಿ ಬಿಟ್ಟೀತು!” ಮಗಳ ಉಸಿರನ್ನು ಅಷ್ಟು ವರ್ಷ ಕೂಡಿಟ್ಟ ತಾಯಿ ಈಗ ಅದನ್ನು ಖರ್ಚು ಮಾಡು ಎಂದು ಹೇಗೆ ಹೇಳಿಯಾರು? ಕೆಮ್ಮು ಒಳಗೇ ಹೋಗುತ್ತಿತ್ತು. ಉಸಿರು ದಿನದಿನಕ್ಕೆ ಗಿಡ್ಡವಾಯಿತು, ತುಟಿ ಕಪ್ಪಿಟ್ಟಿತು.

ಆಗ ನನ್ನ ಕಾಕಾ ಬಂದರು. ಅತ್ತೆಯ ತಮ್ಮ, ರೈಲ್ವೆ ನೌಕರ, ಸಾವಿನ ಮನೆಯಲ್ಲೂ ನಗಿಸಿ ಬೈಸಿಕೊಂಡವರು. ಬಂದವರೇ ಅತ್ತೆಯ ಕೈಯಿಂದ ನೀರಿನ ತಂಬಿಗೆ ಕಸಿದು ಗಟಗಟ ಕುಡಿದುಬಿಟ್ಟರು.

“ಈಗ ಏನ್ ಕುಡಸ್ತಿ, ಅಕ್ಕಾ?”

ಹೊಲಿಗೆಗೆ ಆಸರೆಯಾಗಲೆಂದು ಸುಮಿತ್ರಾಳ ಎದೆಗೆ ದಿಂಬು ಅಪ್ಪಿಸಿ, ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದರು. ಅವಳು ಮೊದಲು ದುರುಗುಟ್ಟಿ ನೋಡಿದಳು. ಆಮೇಲೆ ನಗು ಸಿಡಿಯಿತು. ನಗು ಕೆಮ್ಮಾಯಿತು, ಕೆಮ್ಮಿನ ಬೆನ್ನಿಗೆ ಕೆಮ್ಮು. ದಿಂಬನ್ನು ಹಿಂಡುತ್ತ, ಕಣ್ಣೀರು ಸುರಿಸುತ್ತ ಕೆಮ್ಮಿದಳು. ಗಟ್ಟಿ ಕಫ ಬೋಗುಣಿಗೆ ಬಿತ್ತು. ನಂತರ ಒಂದು ಉಸಿರು ಎಳೆದುಕೊಂಡಳು ನೋಡಿ! ಅಷ್ಟು ಉದ್ದನೆಯ ಉಸಿರನ್ನು ಆ ಮನೆ ಅವಳಿಂದ ಎಂದೂ ಕೇಳಿರಲಿಲ್ಲ.

“ಮಾಮಾ, ಸಾಯಸ್ತಿ ನೀ... ಇನ್ನೊಮ್ಮೆ ಹೇಳು!”

ಕಿವಿ ಮುಚ್ಚಿಕೊಂಡು ನಿಂತಿದ್ದ ಅತ್ತೆ ಅಳುತ್ತಲೇ ಕೂಗಿದರು: “ಕೆಮ್ಮವ್ವಾ, ಜೋರ್ ಕೆಮ್ಮು!”

ಕೆಲವು ದಿನಗಳ ಮೇಲೆ ಡಾಕ್ಟರು ಮತ್ತೆ ಬೆನ್ನು ಬಡಿದು, “ಗಾಳಿ ಬಂತ್ರೀ!” ಎಂದರು. ಮನೆಮಂದಿಯೆಲ್ಲ ಪುಗ್ಗಿ ಊದಿ ಒಡೆದೆವು.

ಇಷ್ಟು ವರ್ಷ ನಾನು ಯಂತ್ರದ ಕಥೆಯನ್ನೇ ದೊಡ್ಡದು ಮಾಡಿ ಹೇಳಿಕೊಂಡು ಬಂದೆ. ಬರೆಯುತ್ತ ಹೋದಂತೆ ಅದು ಸಣ್ಣದಾಯಿತು, ಕಾಕಾ ಹೇಳಿದ ಆ ಗುಟ್ಟಿನ ಮಾತು ದೊಡ್ಡದಾಯಿತು. ಸುಮಿತ್ರಾಳನ್ನು ಕೇಳಿದರೆ “ಮಾಮಾನ್ನ ಕೇಳು” ಎನ್ನುತ್ತಾಳೆ. ಹಾಗಾಗಿ ಈಗಷ್ಟೇ, ಹಿಟ್ಟಿನ ಕೈಯಲ್ಲೇ, ಮುಪ್ಪಾದ ಕಾಕಾಗೆ ಫೋನ್ ಮಾಡಿದೆ. ಅವರು ನಗುತ್ತಾರೆ, ಹೇಳುವುದಿಲ್ಲ.

“ಖರೇ ಹೇಳ್ರಿ ಕಾಕಾ, ಅವತ್ತ ಅಕಿ ಕಿವ್ಯಾಗ ಏನಂದ್ರಿ?”