ಇಬ್ಬರಿಗೆ ಒಂದೇ ಪಾಸು

ಮೊನ್ನೆ ನನ್ನ ಭಾಂಡೆ ಅಂಗಡಿಗೆ ಹಿರಿಯರೊಬ್ಬರು ತಾಮ್ರದ ಕೊಡ ಕೊಳ್ಳಲು ಬಂದಿದ್ದರು. ಬಗ್ಗಿ ಕೊಡದ ತಳವನ್ನು ಬೆರಳಿನಿಂದ ಬಡಿದು ನೋಡುವಾಗ ಅವರ ಕಿವಿಯಲ್ಲಿ ಸಿಕ್ಕಿಸಿದ್ದ ಹತ್ತಿಯಿಂದ ಅತ್ತರಿನ ವಾಸನೆ ಬಂತು. ನಾನು ದರ ಹೇಳುವುದನ್ನೇ ಮರೆತು ನಿಂತೆ. ಅದನ್ನು ಹಟವೆಂದು ತಿಳಿದ ಅವರು ತಾವು ಕೇಳಿದ್ದ ದರವನ್ನು ತಾವೇ ಏರಿಸಿದರು. ಹೊಸದಾಗಿ ಅಂಗಡಿ ಹಾಕಿದವರು ಇದನ್ನು ಗಮನಿಸಬೇಕು, ಗಿರಾಕಿಯ ಮುಂದೆ ತುಸು ಹೊತ್ತು ಸುಮ್ಮನಿರಲು ಬಂದರೆ ಅರ್ಧ ವ್ಯಾಪಾರ ಬಂದಂತೆ. ಆದರೆ ಆ ದಿನ ನಾನು ಸುಮ್ಮನಾದದ್ದು ವ್ಯಾಪಾರಕ್ಕಲ್ಲ...

ಆ ವಾಸನೆ ಒಂದು ಟೆಲಿಫೋನಿನದು.

ಗದಗಿನಲ್ಲಿ ನನ್ನ ಪಕ್ಕದ ಅಂಗಡಿ ಆಗ ಎಸ್‌ಟಿಡಿ ಬೂತ್. ಅದನ್ನು ನಡೆಸುತ್ತಿದ್ದವರನ್ನು ಬಜಾರವೆಲ್ಲ ಚಾಚಾ ಎನ್ನುತ್ತಿತ್ತು. ಅವರೂ ಕಿವಿಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಳ್ಳುತ್ತಿದ್ದರು. ಇಡೀ ದಿನ ಅವರೇ ಹಿಡಿಯುತ್ತಿದ್ದ ರಿಸೀವರಿಗೂ ಆ ವಾಸನೆ ಹತ್ತಿಬಿಟ್ಟಿತ್ತು. ಪುಣೆಗೋ ಗೋವಾಕ್ಕೋ ಮಾತಾಡಿ ಮನೆಗೆ ಹೋದರೆ ನನ್ನ ಹೆಂಡತಿ ಹತ್ತಿರ ಬಂದೊಡನೆ, “ಚಾಚಾರ ಬೂತಿಗೆ ಹೋಗಿದ್ರೇನು?” ಎನ್ನುತ್ತಿದ್ದಳು. ನಮ್ಮಿಬ್ಬರ ಅಂಗಡಿಗಳ ನಡುವೆ ಇದ್ದದ್ದು ಹಲಗೆಯ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳಿಸುತ್ತಿತ್ತು. ಸೈಕಲ್ಲಿಗೆ ಸ್ಟೀಲಿನ ಪಾತ್ರೆ ಕಟ್ಟಿಕೊಂಡು ಅಸುಂಡಿ, ಕಣಗಿನಹಾಳ ಸುತ್ತಿ ಮಾರುತ್ತಿದ್ದ ದಿನಗಳಿಂದಲೂ ಅವರು ನನ್ನನ್ನು ಬಲ್ಲವರು. ನನಗೆ ಇನ್ನೂ ಒಂದು ಕಪಾಟೂ ಇಲ್ಲದಾಗಲೇ “ಏನ್ ಸಾವ್ಕಾರ” ಎಂದು ಚೇಷ್ಟೆ ಮಾಡುತ್ತಿದ್ದರು.

ಗದಗು ಆಗಷ್ಟೇ ಜಿಲ್ಲೆಯಾಗಿತ್ತು. ಊರಿಗೆ ಆ ಶಬ್ದದ ಹುಚ್ಚು ಹಿಡಿದಿತ್ತು. ಚಹಾದ ಅಂಗಡಿಯವನೂ ಬೋರ್ಡಿನ ಮೇಲೆ ‘ಜಿಲ್ಲಾ’ ಎಂದು ಬರೆಸಿದ್ದ. ಕೇಬಲ್ಲಿನವರೂ ತಮ್ಮದು ಜಿಲ್ಲೆಯ ಚಾನಲ್ ಎಂದು ಸಾರಿಕೊಂಡು, ಸಂಜೆ ಹೊತ್ತು ಫೋನಿನಲ್ಲಿ ಉತ್ತರ ಹೇಳುವ ಕಾರ್ಯಕ್ರಮ ಶುರು ಮಾಡಿದರು. ಗೆದ್ದವರಿಗೆ ನಾಟಕದ್ದೋ, ಆರ್ಕೆಸ್ಟ್ರಾದ್ದೋ, ಕುಸ್ತಿಯದೋ ಪುಕ್ಕಟೆ ಪಾಸು. ಪ್ರಶ್ನೆಗಳೇನೂ ಕಠಿಣವಲ್ಲ. ಸಹಕಾರ ಸಂಘಕ್ಕೆ ಹೆಸರಾದ ನಮ್ಮ ಜಿಲ್ಲೆಯ ಊರು ಯಾವುದು ಎಂದರೆ ಇಲ್ಲಿ ಹಾಲು ಕುಡಿಯುವ ಕೂಸೂ ಕಣಗಿನಹಾಳ ಎನ್ನುತ್ತದೆ. ಕಷ್ಟವಿದ್ದದ್ದು ಲೈನು ಸಿಗುವುದರಲ್ಲಿ. ಪ್ರಶ್ನೆ ಕೇಳಿದ ಕೂಡಲೇ ಊರೆಲ್ಲ ಒಮ್ಮೆಲೇ ಫೋನ್ ಹಚ್ಚುತ್ತದೆ. ಆಗ ಹಚ್ಚಬಾರದು. ಜಾಹೀರಾತು ಮುಗಿಯುವ ಹೊತ್ತಿಗೆ, ಅರ್ಧ ಜನ ಬೇಸತ್ತು ಕೆಳಗಿಟ್ಟಾಗ ಹಚ್ಚಬೇಕು. ಇದನ್ನು ಚಾಚಾರಿಗೆ ಹೇಳಿಕೊಟ್ಟವನು ನಾನೇ. ಆದರೆ ಅವರಷ್ಟು ತಾಳ್ಮೆ ನನಗಿರಲಿಲ್ಲ. ಹೊರಗೆ ಗಿರಾಕಿ ನಿಂತು, “ಏ ಚಾಚಾ, ಅಳಿಯಾನ ಊರಿಗೆ ಅರ್ಜೆಂಟ್ ಮಾತಾಡೂದೈತಿ” ಎಂದು ಬಾಗಿಲು ಬಡಿದರೂ ಅವರು ಗುಂಡಿ ಒತ್ತುತ್ತಲೇ ಇರುತ್ತಿದ್ದರು. “ಅಳಿಯಾ ಎಲ್ಲೂ ಓಡಿಹೋಗೂದಿಲ್ಲ, ಕುಂಡ್ರಿ.”

ಅವರು ಮೊದಲ ಸಲ ಗೆದ್ದದ್ದನ್ನು ನನ್ನ ಅಂಗಡಿಯ ಟಿವಿಯಲ್ಲೇ ನೋಡಿದೆ. ಕಾರ್ಯಕ್ರಮದ ಹುಡುಗಿ, “ಇಬ್ಬರಿಗೆ ಪಾಸ್ ಸರ್, ಯಾರ ಜೊತೆ ಬರ್ತೀರಾ?” ಎಂದು ಕೇಳಿದಳು. ಹಲಗೆಯ ಆ ಕಡೆಯಿಂದ ಒಮ್ಮೆ, ಟಿವಿಯಿಂದ ಒಮ್ಮೆ, ಉತ್ತರ ಎರಡು ಸಲ ಕೇಳಿಸಿತು.

“ನಮ್ಮ ತಮ್ಮನ ಜೋಡಿರಿ. ಲಕ್ಷ್ಮೇಶ್ವರದಾಗ ಹೊಲಿಗಿ ಅಂಗಡಿ ಐತಿ ಅವಂದು.”

ಹೆಂಡತಿ ತೀರಿಕೊಂಡು, ಮಕ್ಕಳಿಲ್ಲದೆ ಬೆಟಗೇರಿಯ ಓಣಿಯೊಂದರಲ್ಲಿ ಒಬ್ಬರೇ ಇದ್ದ ಚಾಚಾರಿಗೆ ತಮ್ಮನೊಬ್ಬನಿದ್ದಾನೆಂದು ನನಗೆ ಗೊತ್ತಾದದ್ದು ಆವತ್ತೇ. ಕೆದಕಿ ಕೇಳಿದೆ. ಅವರ ತಾಯಿ ಕೊನೆಗಾಲಕ್ಕೆ ತಮ್ಮನ ಮನೆಯಲ್ಲಿದ್ದರಂತೆ. ತೀರಿಕೊಂಡ ಖಬರ ಇವರಿಗೆ ತಡವಾಗಿ ಬಂತು. ಇವರು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಬೇಕಂತಲೇ ತಡವಾಗಿ ತಿಳಿಸಿದೆ ಎಂದು ಇವರು, ನೀನೇ ಹೊರಡಲು ತಡ ಮಾಡಿದೆ ಎಂದು ಅವನು. ಜನರೆದುರು ಬಾಗಿಲಲ್ಲಿ ನಿಂತು ಚಾಚಾ ಹೇಳಿಬಿಟ್ಟಿದ್ದರು: “ನಿನ್ನ ಹೊಸ್ತಲ ನಾ ತುಳಿಯೂದಿಲ್ಲ, ನನ್ನ ಹೊಸ್ತಲ ನೀ ತುಳೀಬ್ಯಾಡ. ಅಮ್ಮಾನ ಆಣಿ.” ಆ ಮೇಲೆ ಗದಗಿಗೆ ಬಂದು ಹಾಕಿದ್ದು ಈ ಬೂತು.

“ಹೊಸ್ತಲ ತುಳಿಯೂದು ಬ್ಯಾಡ್ರಿ, ಫೋನ್ ಹಚ್ರಲಾ,” ಎಂದೆ. “ಕೈಯಾಗ ಬೂತ್ ಐತಿ.”

“ನಾ ಹಚ್ಚಿದ್ರ ನಾ ಕರದಂಗ ಆತು. ಇದ್ರಾಗ ನಾ ಕರದಿಲ್ಲ. ಚಾನಲ್‌ನವರು ಕರದಾರ, ಪಾಸು ಅವರದು, ಡೇರೆ ಮತ್ಯಾರದೋ. ಅಲ್ಲಿ ನಮ್ಮಿಬ್ಬರದೂ ಹೊಸ್ತಲ ಇಲ್ಲ.”

ನನಗೆ ಕೂಡಲೇ ಅರ್ಥವಾಯಿತು. ಚೌಕಾಶಿಯಲ್ಲಿ ಮೊದಲು ಬಾಯಿ ಬಿಟ್ಟವನು ಇಳಿದ ಹಾಗೆ. ಇಬ್ಬರೂ ಇಳಿಯದೆ ವ್ಯವಹಾರ ಕುದುರಬೇಕಾದರೆ ನಡುವೆ ಮೂರನೆಯವರು ಬೇಕು. ಚಾಚಾ ಆ ಮೂರನೆಯವರನ್ನು ಟಿವಿಯಲ್ಲಿ ಹುಡುಕಿಕೊಂಡಿದ್ದರು.

ಪಾಸು ಎರಡಲ್ಲ, ಇಬ್ಬರಿಗೆ ಒಂದೇ ಚೀಟಿ. ಇಬ್ಬರೂ ಕೂಡಿಯೇ ಒಳಗೆ ಹೋಗಬೇಕು. ಹಾಗಾಗಿ ನಾಟಕದ ದಿನ ಚಾಚಾ ಇಸ್ತ್ರಿಯ ಅಂಗಿ ಹಾಕಿಕೊಂಡು ಗೇಟಿನ ಹೊರಗೇ ನಿಂತರು. ಒಳಗೆ ಗಂಟೆ ಹೊಡೆಯಿತು, ಪರದೆ ಎದ್ದಿತು. ಪಾಸನ್ನು ಪಕ್ಕದಲ್ಲಿದ್ದ ಗಂಡ ಹೆಂಡತಿಗೆ ಕೊಟ್ಟು ನಡೆದು ಬಂದರು. ಮರುದಿನ, “ಬಸ್ಸು ಸಿಕ್ಕಿರಲಿಕ್ಕಿಲ್ಲ” ಎಂದರು. ಆರ್ಕೆಸ್ಟ್ರಾದ ಪಾಸು ಗೆದ್ದಾಗಲೂ ಹಾಗೇ, ಕುಸ್ತಿಯದಕ್ಕೂ ಹಾಗೇ... ಪ್ರತಿ ಸಲವೂ ಪಾಪ, ಆ ಬಸ್ಸಿನದೇ ತಪ್ಪು.

ಆಮೇಲೊಮ್ಮೆ ವ್ಯಾಪಾರಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋದವನು ಚಹಾದ ಹೋಟೆಲಿನಲ್ಲಿ ಕುಳಿತು, ಗದಗಿನ ಚಾನಲ್ ಹಚ್ಚಲು ಹೇಳಿದೆ. ಹೋಟೆಲಿನವನು ನಕ್ಕ.

“ಗದಗಿನವರ ವೈರು ಬೆಟಗೇರಿ ದಾಟೂದಿಲ್ರಿ. ಜಿಲ್ಲಾ ಅಂತ ಬೋರ್ಡ್ ಹಚ್ಚಿದ್ರ ವೈರು ತಾನ ನಡಕೋಂತ ಬರತೈತೇನು? ನಮ್ಮೂರಾಗ ನಮ್ದ ಬ್ಯಾರೆ ಐತಿ.”

ಎಲ್ಲರೂ ಅದೇ ತಪ್ಪು ತಿಳಿದಿದ್ದೆವು. ಜಿಲ್ಲೆ ಒಂದಾಯಿತು, ಇನ್ನು ಇಲ್ಲಿ ಆಡಿದ ಮಾತು ಶಿರಹಟ್ಟಿ, ಮುಂಡರಗಿಯವರೆಗೂ ಕೇಳಿಸುತ್ತದೆ ಎಂದು. ಸಂಜೆ ಬಂದು ಚಾಚಾರಿಗೆ ಹೇಳಿದೆ. ಕುಸಿದುಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಸ್ಟೂಲಿನಿಂದ ಎದ್ದು ನಿಂತರು.

“ಅಂದ್ರ ಅವಗ ಕೇಳಿಸೇ ಇಲ್ಲ! ಸಿಟ್ಟಿಲೆ ಅಲ್ಲ ಸಾವ್ಕಾರ, ಕೇಳಿಸಲಾರದ್ದಕ್ಕ ಬಂದಿಲ್ಲ ಅಂವ!”

ಆ ದಿನ ನೆರೆಹೊರೆಯ ಅಂಗಡಿಗಳಿಗೆಲ್ಲ ಚಹಾ ಹೇಳಿದರು. ಕಾರಣ ಯಾರಿಗೂ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಕೇಬಲ್ಲು ಬಿಟ್ಟು ರೇಡಿಯೋ ಹಿಡಿದರು. ರೇಡಿಯೋಕ್ಕೆ ವೈರು ಬೇಕಿಲ್ಲ, ಹೊಲಿಗೆ ಅಂಗಡಿಯಲ್ಲಿ ಇಡೀ ದಿನ ಅದು ಹಾಡುತ್ತಿರುತ್ತದೆ. ಅಲ್ಲಿ ಲೈನು ಸಿಗುವುದು ಇನ್ನೂ ಕಷ್ಟ. ತಿಂಗಳುಗಟ್ಟಲೆ ಹಚ್ಚಿದರು. ಕೊನೆಗೊಮ್ಮೆ ಸಿಕ್ಕಿತು. ತುಂಗಭದ್ರೆಯ ದಂಡೆಯ ಏತ ನೀರಾವರಿಯ ಪ್ರಶ್ನೆ. ಸಿಂಗಟಾಲೂರು ಎಂದು ಹೇಳಿ, ಗದಗಿಗೆ ಬಂದಿದ್ದ ಸರ್ಕಸ್ಸಿನ ಪಾಸು ಗೆದ್ದರು. ತಮ್ಮನ ಜೋಡಿ ಬರುತ್ತೇನೆ ಎಂದು ಅಲ್ಲೂ ಹೇಳಿದರು, ಸ್ವಲ್ಪ ಗಟ್ಟಿಯಾಗಿಯೇ.

ತಮ್ಮ ಬರಲಿಲ್ಲ.

ಈ ಸಲ ಚಾಚಾ ಬಸ್ಸಿನ ಮಾತೆತ್ತಲಿಲ್ಲ. ಲೈನಿಗಾಗಿ ಗುಂಡಿ ಒತ್ತುವುದನ್ನೇ ಬಿಟ್ಟರು. ಗಿರಾಕಿ ಬಂದರೆ ಒಳಗೆ ಬಿಡುವುದು, ಬಿಲ್ಲು ಹರಿದು ಕೊಡುವುದು, ಅಷ್ಟೇ. ಅಲ್ಲಿಂದ ಜನ ತಮ್ಮ ತಮ್ಮವರೊಡನೆ ಜಗಳಾಡುವುದು, ಅಳುವುದು, ಕೂಸಿಗೆ ಏನು ಹೆಸರಿಟ್ಟಿರಿ ಎಂದು ಕೇಳುವುದು ನನ್ನ ಗಲ್ಲಾಪೆಟ್ಟಿಗೆಯವರೆಗೂ ಕೇಳಿಸುತ್ತಿತ್ತು. ಅವರಿಗೆ ಇನ್ನೂ ಹತ್ತಿರದಿಂದ ಕೇಳಿಸುತ್ತಿರಬೇಕು...

ಸರ್ಕಸ್ಸಿನವರು ಇನ್ನೂ ಡೇರೆ ಕಿತ್ತಿರಲಿಲ್ಲ. ಅದೇ ಕಾರ್ಯಕ್ರಮ ನನ್ನ ರೇಡಿಯೋದಲ್ಲಿ ಬರುತ್ತಿತ್ತು. ಗೆದ್ದವನು ಲಕ್ಷ್ಮೇಶ್ವರದವನು. ಯಾರ ಜೊತೆ ಬರುತ್ತೀರಿ ಎಂದು ಹುಡುಗಿ ಕೇಳಿದಳು.

“ಹೇಳೂದು ಕಷ್ಟ ಐತ್ರಿ ಮೇಡಂ. ನಮ್ಮಣ್ಣ ಗದಗಿನ್ಯಾಗ ಫೋನಿನ ಬೂತ್ ಇಟ್ಟಾನ. ಹ್ವಾದ ಸಲ, ತಮ್ಮನ ಜೋಡಿ ಬರ್ತೀನಿ ಅಂದ. ಬಾ ಅನ್ನಲಿಲ್ಲ. ನಾನೂ ಬಾ ಅನ್ನೂದಿಲ್ಲ. ಐತವಾರ ಮಧ್ಯಾಹ್ನದ ಆಟಕ್ಕ ಗೇಟಿನ ಮುಂದ ನಿಂತಿರ್ತೀನಿ. ನಿಂದ್ರಾಕ ಯಾರದೂ ಅಡ್ಡಿ ಇಲ್ಲಲ್ರಿ?”

“ಇಲ್ಲ ಸರ್...” ಹುಡುಗಿ ಗಲಿಬಿಲಿಗೊಂಡಳು. “ಅಭಿನಂದನೆಗಳು ಸರ್!”

ನಾನು ಹಲಗೆ ಬಡಿದೆ. ಚಾಚಾ ಆಗಲೇ ಹೊರಗೆ ಬಂದು ನಿಂತಿದ್ದರು. ಹೇಗೋ ಮುಖ ಮಾಡಿಕೊಂಡು, “ಇನ್ನೂ ಮೂಗಿನ್ಯಾಗ ಮಾತಾಡ್ತಾನ. ಸಣ್ಣಾಂವ ಇದ್ದಾಗಿಂದ ಹಂಗ,” ಎಂದರು.

ಭಾನುವಾರ ನಾನು ಟಿಕೇಟು ಕೊಂಡು ಹೋದೆ. ಗೇಟಿನಲ್ಲಿ ಚೌಕಾಶಿ ಮಾಡಿ ನೋಡಿದೆ, ನಡೆಯಲಿಲ್ಲ. ಅಣ್ಣ ತಮ್ಮಂದಿರು ಒಂದು ಎತ್ತಿನಗಾಡಿ ದಾಟಿ ಹೋಗುವಷ್ಟು ಅಂತರ ಬಿಟ್ಟು ನಿಂತಿದ್ದರು. ಪಾಸು ತಮ್ಮನ ಕೈಯಲ್ಲಿತ್ತು. ಗೇಟಿನವನು ಅದನ್ನು ನೋಡಿ, “ಇನ್ನೊಬ್ರು ಯಾರು? ನೀವೇನು? ಕೂಡಿ ಬರ್ರಲಾ, ಒಂದ ಪಾಸೈತಿ!” ಎಂದು ಗದರಿದ. ಇಬ್ಬರೂ ಹತ್ತಿರ ಬಂದರು. ವರ್ಷಗಳಿಂದ ಯಾರ ಬಾಯಿಗೂ ಬಾರದ ಮಾತನ್ನು ಅವನು ಸಿಡುಕಿನಲ್ಲಿ ಹೇಳಿ ಮುಗಿಸಿದ್ದ.

ನಾನು ಹಿಂದಿನ ಸಾಲಿನಲ್ಲಿದ್ದೆ. ಹಿಂದಿನಿಂದ ಇಬ್ಬರ ತಲೆಯೂ ಒಂದೇ ಅಚ್ಚು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜೋಕರ್ ಬಿದ್ದಾಗ ಮಾತ್ರ ಇಬ್ಬರ ಹೆಗಲೂ ಒಟ್ಟಿಗೇ ಕುಣಿದವು. ನಡುವೆ ತಮ್ಮ ಎದ್ದು ಹೋಗಿ ಶೇಂಗಾದ ಎರಡು ಪೊಟ್ಟಣ ತಂದು, ಒಂದನ್ನು ಅಣ್ಣನ ಮಗ್ಗುಲಿಗಿಟ್ಟ. ಆಟ ಮುಗಿದ ಮೇಲೆ ಅವನು ಬಸ್‌ಸ್ಟ್ಯಾಂಡಿನ ಕಡೆ, ಇವರು ಬೆಟಗೇರಿಯ ಕಡೆ.

“ಏನ್ ಮಾತಾಡಿದ್ರಿ ಚಾಚಾ?” ಎಂದು ಮರುದಿನ ಕೇಳಿದೆ.

“ಮಾತಾಡಾಕ ಹೋಗಿದ್ವೇನಲೇ? ಸರ್ಕಸ್ ನೋಡಾಕ ಹೋಗಿದ್ವಿ.”

ಆ ಮೇಲೆ ಕೆಲವು ವರ್ಷ ಹೀಗೇ ನಡೆಯಿತು. ಇಬ್ಬರಲ್ಲಿ ಯಾರಿಗಾದರೂ ಪಾಸು ಬಂದರೆ ಆ ದಿನ ಭೇಟಿ, ಬಾರದಿದ್ದರೆ ಇಲ್ಲ. ಆಮೇಲೆ ಎಲ್ಲರ ಜೇಬಿಗೂ ಮೊಬೈಲ್ ಬಂತು. ಉತ್ತರವನ್ನು ಮೆಸೇಜು ಮಾಡುವುದಾಯಿತು, ಗೆದ್ದವರ ಹೆಸರನ್ನು ಸುಮ್ಮನೆ ಓದಿಬಿಡುತ್ತಿದ್ದರು. ಯಾರ ಜೊತೆ ಬರುತ್ತೀರಿ ಎಂದು ಕೇಳುವವರಿಲ್ಲವಾದರು. ಬೂತಿಗೂ ಜನ ಬರುವುದು ನಿಂತಿತು. ನಾನೇ ಟಿಕೇಟು ಕೊಂಡು ಇಬ್ಬರಿಗೂ ಮುಟ್ಟಿಸುತ್ತೇನೆ ಎಂದೆ. ಚಾಚಾ ಬೇಡವೆಂದು ತಲೆಯಾಡಿಸಿದರು. “ನೀ ನನ್ನ ಬಾಜೂದಾಂವ. ನೀ ಕೊಟ್ರ ನಾ ಕೊಟ್ಟಂಗ ಆಗತೈತಿ.” ಸರಿ, ಆಣೆಯನ್ನೇ ಬಿಡಿ ಎಂದೆ. “ಬಿಡಿಸಾಕ ಅಮ್ಮಾ ಇಲ್ಲಲಾ,” ಎಂದರು.

ಚಾಚಾ ತೀರಿಕೊಂಡ ದಿನ ಲಕ್ಷ್ಮೇಶ್ವರಕ್ಕೆ ಫೋನ್ ಹಚ್ಚಿದವನು ನಾನೇ. ಖಬರ ತಡವಾಗಬಾರದೆಂದು ಮೊದಲ ಫೋನೇ ಅದು. ತಮ್ಮ ಬೇಗನೇ ಬಂದ. ಬಂದವನು ಓಣಿಯಲ್ಲಿ, ಎದುರು ಮನೆಯ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟ. ಹಿರಿಯರು ಕರೆದರು, ಹೆಣ್ಣುಮಕ್ಕಳು ಅತ್ತು ಕರೆದರು. ಒಳಗೆ ಬರಲಿಲ್ಲ.

“ಇನ್ನ ಎಲ್ಲೀ ಆಣಿರಿ,” ಎಂದೆ ನಾನು. “ಮುಖಾ ನೋಡಾಕಾದ್ರೂ ಬರ್ರಿ.”

“ಅಂವ ಇದ್ದಾಗ ತುಳೀಲಿಲ್ಲ. ಈಗ ಬ್ಯಾಡ ಅನ್ನಾಕ ಅಂವ ಇಲ್ಲ ಅಂತ ತುಳೀಲೇನು?”

ನಾನು ಒಳಗೆ ಹೋಗಿ ಹಿರಿಯರನ್ನು ಒಪ್ಪಿಸಿದೆ. ಹೊತ್ತು ಒಯ್ಯುವ ಮೊದಲು ಚಾಚಾರನ್ನು ಹೊಸ್ತಿಲಿನ ಹೊರಗೆ, ಓಣಿಯ ನೆರಳಿನಲ್ಲಿ ಸ್ವಲ್ಪ ಹೊತ್ತು ಇಳಿಸಿದರು. ಮುಖದ ಮೇಲಿನ ಬಟ್ಟೆ ಸರಿಸಿದರು. ತಮ್ಮ ಗೋಡೆ ಬಿಟ್ಟು ಬಂದು ಮೊಣಕಾಲೂರಿದ. ನಾನು ಪಕ್ಕದಲ್ಲೇ ಇದ್ದೆ, ಅದಕ್ಕೇ ಕೇಳಿಸಿತು.

“ಈ ಸಲ ಯಾರೂ ಕರದಿಲ್ಲ ಭಾಯಿ,” ಎಂದ. “ನಾನ ಬಂದೀನಿ.”

ಬೂತಿದ್ದ ಜಾಗದಲ್ಲಿ ಈಗ ಮೊಬೈಲ್ ಕವರಿನ ಅಂಗಡಿ ಇದೆ. ಹಲಗೆ ಕಿತ್ತು ಇಟ್ಟಿಗೆಯ ಗೋಡೆ ಕಟ್ಟಿದ್ದಾರೆ, ಆಚೆಯ ಸದ್ದು ಈಚೆ ಬರುವುದಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನ ಏನಾದರೊಂದು ನೆನಪಾಗಿ, ಚಾಚಾ ಎಂದು ಕರೆಯಲು ಬಾಯಿ ತೆರೆಯುತ್ತೇನೆ. ಆಮೇಲೆ ಒರೆಸಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ಒರೆಸುತ್ತೇನೆ.