ಬೀಗರೂಟ ಬೇಡವೆಂದ ಸುಧತ್ತೆ

ಆಗೆಲ್ಲ ನಮ್ಮೂರು ಕೋಗಿಲಿನಲ್ಲಿ ಮದುವೆ ಎಂದರೆ ಎರಡು ಊಟ. ಛತ್ರದಲ್ಲಿ ಸಿಹಿಯೂಟ, ಅದಾದ ಮೇಲೆ ಮನೆ ಮುಂದೆ ಶಾಮಿಯಾನ ಹಾಕಿ ಬೀಗರೂಟ. ನಮ್ಮಂಥ ಮಕ್ಕಳಿಗೆ ಮೊದಲನೆಯದು ಬರೀ ಶಾಸ್ತ್ರ. ಬೀಗರೂಟದ ದಿನ ಹುರಿದ ಧನಿಯ, ಚಕ್ಕೆ, ಲವಂಗದ ವಾಸನೆ ಬೀದಿಯುದ್ದಕ್ಕೂ ಹರಡಿ, ಕುಂಟೆಬಿಲ್ಲೆ ಆಡುತ್ತಿದ್ದ ನಾವು ಆಟ ಬಿಟ್ಟು ಓಡುತ್ತಿದ್ದೆವು. ಮುದ್ದೆ, ಮಟನ್ ಸಾರು. ಊರಿಗೆ ಊರೇ ಬಂದು ಉಣ್ಣುತ್ತಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪನ ತಂಗಿ ಸುಧತ್ತೆಯ ಮದುವೆ ಗೊತ್ತಾಯಿತು. ಹುಡುಗ ಗಂಗಾನಗರದವನು, ಅವಳೇ ಮೆಚ್ಚಿಕೊಂಡಿದ್ದು. ನಮ್ಮ ಜನವೇ ಎಂದು ಅವಳು ಹೇಳಿದ್ದನ್ನು ಅಜ್ಜಿ ಅರ್ಧ ಮಾತ್ರ ನಂಬಿದ್ದಳು. ಖರ್ಚು ತಮ್ಮಿಬ್ಬರದ್ದೇ ಎಂದು ಅತ್ತೆ ಮೊದಲೇ ಹೇಳಿದ್ದಳು. ಒಂದು ಸಂಜೆ ಕಾಫಿ ಕುಡಿಯುತ್ತ ಬಾಂಬು ಹಾಕಿದಳು.

"ಎರಡೂ ಕಡೆ ಸೇರಿ ನೂರೈವತ್ತು ಜನ. ಅಷ್ಟೇ ನಮ್ ಕೈಲಾಗೋದು. ಬೀಗರೂಟ ಬೇಡ."

"ನೂರೈವತ್ತು ನಮ್ ಬೀದಿಗೇ ಸಾಲಲ್ಲ ಕಣೇ!" ಎಂದಳು ಅಜ್ಜಿ.

"ಬೀದಿಯವ್ರನ್ನ ಕರೆಯೋದು ಬೇಡಮ್ಮ."

"ಎಲ್ರ ಮನೇಲೂ ಉಂಡಿವ್ನಲ್ಲೇ ನಾನು!"

"ನಾನ್ ಹಾಕಿಸ್ತೀನಿ ಬಿಡು ಊಟ" ಎಂದರು ತಾತ. "ಬೇಡ ಅಪ್ಪ" ಎಂದು ಅತ್ತೆ ತಟ್ಟನೆ ಎದ್ದು ಒಳಗೆ ಹೋದಳು. ಆ ಅವಸರವೇ ಅಜ್ಜಿಯ ತಲೆಗೆ ಹುಳ ಬಿಟ್ಟಿತು.

ಮರುದಿನ ನನಗೆ ಜಡೆ ಹಾಕುತ್ತ ಗೊಣಗಿದಳು. "ಬೀಗ್ರೂಟ ಬ್ಯಾಡ ಅಂದ್ರೆ ಅವ್ರು ಬಾಡು ತಿನ್ನೋರಲ್ಲ. ತಿನ್ನೋರಲ್ಲ ಅಂದ್ರೆ ನಮ್ಮೋರಲ್ಲ. ಜನಾನೂ ಬ್ಯಾಡ ಅಂದ್ರೆ ಉಡ್ಗಂಗೆ ಮುಂಚೇನೇ ಒಂದ್ ಮದ್ವೆ ಆಗೈತೋ ಏನೋ."

ಅನುಮಾನ ಅಂಟುರೋಗ. ನನಗೂ ಹತ್ತಿತು. ಹುಡುಗ ಬಂದಾಗಲೆಲ್ಲ ಉದ್ದ ತೋಳಿನ ಅಂಗಿ ಏಕೆ ಹಾಕುತ್ತಾನೆ? ಕೈ ಮೇಲೆ ಇನ್ಯಾರದ್ದೋ ಹೆಸರಿನ ಹಚ್ಚೆ ಇರಬಹುದೇ?

ಭಾನುವಾರ ಅತ್ತೆಗೆ ಹೇಳದೆ ಅಜ್ಜಿ ನನ್ನನ್ನು ಕರೆದುಕೊಂಡು ಗಂಗಾನಗರದ ಬಸ್ಸು ಹತ್ತಿದಳು. ತಿನ್ನುವವರ ಮನೆಯ ಗುಟ್ಟು ಭಾನುವಾರ ಗೊತ್ತಾಗುತ್ತದೆ ಎಂಬುದು ಅವಳ ಲೆಕ್ಕ. ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಕಟ್ಟುತ್ತಿದ್ದ ಧೂಳಿನಲ್ಲಿ ಸೆರಗು ಮೂಗಿಗೊತ್ತಿಕೊಂಡೇ ಪಾಠ ಹೇಳಿದಳು. "ಒಳೀಕ್ ಓಗ್ತಿದ್ದಂಗೇ ನೀರು ಅಂತ ಅಡಿಗೆಮನೆಗೆ ನುಗ್ಗು. ಒಲೆ ಮ್ಯಾಲೆ ಏನೈತೆ ನೋಡು."

ನುಗ್ಗಿದೆ. ಕುಕ್ಕರಿನಿಂದ ಮೆಣಸು ಹಾಕಿದ ಕಾಲುಸೂಪಿನ ಘಮ ಬರುತ್ತಿತ್ತು. ಓಡಿ ಬಂದು ಕಿವಿಯಲ್ಲಿ ಹೇಳಿದೆ. ಅಜ್ಜಿಯ ಮುಖ ಅರಳಿ, ಮರುಕ್ಷಣವೇ ಗಂಟಾಯಿತು. ಹುಡುಗನ ತಾಯಿಯನ್ನು ನೇರವಾಗಿ ಕೇಳಿಬಿಟ್ಟಳು.

"ತಿನ್ನೋರೇ ಆದ್ರೆ ಬೀಗ್ರೂಟ ಯಾಕ್ ಬ್ಯಾಡ ಅಂದ್ರಿ?"

"ನಾವೆಲ್ಲಿ ಅಂದ್ವಿ? ನಿಮ್ ಹುಡುಗೀನೇ ಬೇಡ ಅಂದಳಂತೆ" ಎಂದರು ಆಕೆ, ಅಜ್ಜಿಯಷ್ಟೇ ಅನುಮಾನದಿಂದ. "ಅವಳಣ್ಣನ ಮದುವೇಲಿ ಊರಿಗೆಲ್ಲ ಊಟ ಹಾಕಿ ಹೊಲ ಹೋಯ್ತಂತೆ. ಈಗ ಹಿತ್ತಲ ಸೈಟು ಮಾರಕ್ಕೆ ಅವರಪ್ಪ ಬ್ರೋಕರ್‌ನ ಕರೆಸಿದ್ರಂತೆ. ಅದಕ್ಕೇ ಅಂತ ನನ್ ಮಗ ಹೇಳ್ದ. ನಂಗೆ ನಂಬಿಕೆ ಬರ್ಲಿಲ್ಲ. ನಮ್ಮನ್ನ ಊರೋರಿಗೆ ತೋರ್ಸಕ್ಕೆ ನಿಮಗೆ ನಾಚಿಕೆ ಅಂದ್ಕೊಂಡೆ. ನಿಜಾನಾ ಅದು?"

ಬ್ರೋಕರ್ ವಿಷಯ ಅಜ್ಜಿಗೆ ಗೊತ್ತೇ ಇರಲಿಲ್ಲ. ಆದರೂ "ನಿಜ ಕಣಮ್ಮ" ಎಂದಳು.

ಮನೆಗೆ ಬಂದವಳೇ ತಾತನನ್ನು ಕೇಳಿದಳು. ಅವರು ಬೀಡಿ ಹುಡುಕತೊಡಗಿದರು. ಅಜ್ಜಿ ಸೀದಾ ಅತ್ತೆಯ ಹತ್ತಿರ ಹೋಗಿ ತಲೆ ಸವರಿ, "ನೂರೈವತ್ತೇ ಇರ್ಲಿ" ಎಂದಳು. ಅತ್ತೆ ಅತ್ತಳು. ನನಗೆ ಬೀಗರೂಟ ತಪ್ಪಿತಲ್ಲ ಎಂದು ಅಳು ಬಂತು.

ಮದುವೆ ಚೆನ್ನಾಗಿಯೇ ಆಯಿತು. ಆಮೇಲೂ ಬೀದಿಯವರು ಕುಂಕುಮ ಹಚ್ಚಿ ತಮ್ಮ ಮನೆ ಮದುವೆಗಳಿಗೆ ಕರೆಯುತ್ತಿದ್ದರು. ಅಜ್ಜಿ ಬರ್ತೀನಿ ಎನ್ನುವಳು, ಹೋಗುತ್ತಿರಲಿಲ್ಲ. "ಕರೀದೇ ಇದ್ದೋಳು ಯಾವ್ ಮಕ ಇಟ್ಕಂಡ್ ಉಣ್ಣಕ್ಕೋಗ್ಲಿ?" ಬರಬರುತ್ತ ಅವರೂ ಕರೆಯುವುದನ್ನು ಬಿಟ್ಟರು. ಅಜ್ಜಿಯೂ ತೀರಿಕೊಂಡಳು. ಸೈಟು ಉಳಿಯಿತು, ಅದರ ಮೇಲೆ ಕಟ್ಟಿದ ಮನೆಗಳ ಬಾಡಿಗೆ ಬರುತ್ತಿದೆ.

ಈಗ ನನ್ನ ಮದುವೆ ಗೊತ್ತಾಗಿದೆ. ಎಷ್ಟು ಜನರನ್ನಾದರೂ ಕರಿ, ಬೀಗರೂಟವನ್ನೂ ಮಾಡೋಣ ಎನ್ನುತ್ತಾರೆ ಅಪ್ಪ. ಮೊನ್ನೆ ಕುಂಕುಮದ ಬಟ್ಟಲು ಹಿಡಿದು ನಾನೂ ಅಮ್ಮನೂ ಬೀದಿಗೆ ಇಳಿದೆವು. ಯಾವ ಬಾಗಿಲು ತಟ್ಟುವುದೆಂದು ತಿಳಿಯದೆ ಇಬ್ಬರೂ ಸ್ವಲ್ಪ ಹೊತ್ತು ನಿಂತು, ಮನೆಗೆ ವಾಪಸು ಬಂದೆವು.