ಪುಚೊಂಗ್‌ನ ಮನೆಗೆ ಹಿಡಿದ ವಕೀಲರು

ಮಲೇಷ್ಯಾದ ಪುಚೊಂಗ್‌ನಲ್ಲಿ ಮನೆ ಕೊಳ್ಳುವಾಗ ನಾವು ಪಟ್ಟಣದ ದೊಡ್ಡ ವಕೀಲರನ್ನು ಬಿಟ್ಟು, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಮಹಡಿಯಲ್ಲಿದ್ದ ಹಿರಿಯರೊಬ್ಬರನ್ನು ಹಿಡಿದೆವು. ಅವರ ತಮಿಳು ನನಗೂ ಅರ್ಥವಾಗುತ್ತಿತ್ತು. ಯಾರಾದರೂ ಅವಸರಪಡಿಸಿದರೆ ಪೆನ್ನಿಗೆ ಮುಚ್ಚಳ ಹಾಕಿ, ಇಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸಿ, "ಮೆಲ್ಲಗೆ ಲಾ, ಮನೆ ಓಡಿಹೋಗಲ್ಲ" ಅನ್ನುತ್ತಿದ್ದರು.

ಸಹಿಯ ದಿನ, ಮನೆ ಯಾರ ಹೆಸರಿಗೆ ಎಂದು ಇನ್ನೊಮ್ಮೆ ಕೇಳಿದರು.

"ನನ್ನೊಬ್ಬನದೇ ಸಾಕು ಸಾರ್. ಇವಳಿಗೆ ಇದೆಲ್ಲ ಯಾಕೆ?" ಎಂದರು ನನ್ನವರು.

ವಕೀಲರು ಪೆನ್ನು ಮುಚ್ಚಿಟ್ಟು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ನೀವು ಹೇಳಿ ಅಮ್ಮಾ."

ನನ್ನ ಒಡವೆಯೆಲ್ಲ ಆ ಮನೆಗೇ ಹೋಗಿತ್ತು.

"ನನ್ನ ಹೆಸರೂ ಇರಲಿ" ಎಂದೆ.

"ಎಲ್ಲಾ ಮತ್ತೆ ಟೈಪ್ ಮಾಡ್ಬೇಕಲ್ಲ ಸಾರ್" ಎಂದು ನನ್ನವರು ಗೊಣಗಿದರು.

"ಮಾಡೋಣ. ನೀವು ಕೆಳಗೆ ಹೋಗಿ ಟೀ ಕುಡಿದು ಬನ್ನಿ. ಅಮ್ಮ ಇಲ್ಲೇ ಇರಲಿ, ಹೆಸರು ಸರಿಯಾಗಿ ಬರೆಸಬೇಕು."